ಊಂ ಪೈಪು

ನನಗೊಂದು ಕೆಟ್ಟ ಚಾಳಿಯಿದೆ. ಎದುರಿನವರು ಏನು ಹೇಳುತ್ತಿದ್ದಾರೆ ಅನ್ನುವುದಕ್ಕಿಂತ ಹೇಗೆ ಹೇಳುತ್ತಿದ್ದಾರೆ ಅನ್ನುವುದರ ಮೇಲೇ ನನ್ನ ಕಿವಿ. ಮೂವತ್ತು ವರ್ಷ ಹುಣಸೂರಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು ನಾನು. 'ಅಳ್ಳಿ' ಅನ್ನುವ ಮಕ್ಕಳ ಬಾಯಲ್ಲಿ 'ಹಳ್ಳಿ' ಅನ್ನಿಸುವುದರಲ್ಲೇ ಅರ್ಧ ಆಯಸ್ಸು ಕಳೆಯಿತು. ಉಳಿದದ್ದನ್ನು ಪಿರಿಯಾಪಟ್ಟಣದ ಹತ್ತಿರ ಎರಡೆಕರೆ ಜಮೀನಿನಲ್ಲಿ ನೆಮ್ಮದಿಯಾಗಿ ಕಳೆಯೋಣವೆಂದು ಬಂದರೆ ಮೋರಿ ಅಡ್ಡ ಬಂತು.

ರಸ್ತೆಗೂ ನಮ್ಮ ಜಮೀನಿಗೂ ನಡುವೆ ಒಂದು ಕಾಲುವೆ. ಅದರ ಮೇಲಿದ್ದ ಕಲ್ಲುಚಪ್ಪಡಿ ಈ ಸಲದ ಮಳೆಗೆ ಮುರಿದುಬಿತ್ತು. ಮುಸುಕಿನ ಜೋಳದ ತೆನೆ ಮುರಿದು ಒಳಗೆ ರಾಶಿ ಹಾಕಿದ್ದೆವು. ಟ್ರ್ಯಾಕ್ಟರ್ ಬರದಿದ್ದರೆ ಅಲ್ಲೇ ಮೊಳಕೆಯೊಡೆಯುವುದು ಖಂಡಿತ. ನೀರು ಹರಿಯಲು ಕಾಲುವೆಗೆ ದೊಡ್ಡ ಪೈಪು ಹಾಕಿ, ಮೇಲೆ ಮಣ್ಣು ಮುಚ್ಚಿ ಹೊಸ ಮೋರಿ ಮಾಡಬೇಕಿತ್ತು. ಮಣ್ಣಿನಡಿ ಹೂತುಹಾಕುವುದಕ್ಕೆ ಹೊಸ ಪೈಪು ಯಾಕೆ, ಹಳೆಯದು ಸಾಕು ಎಂಬುದು ನನ್ನ ವಾದ. ಇದು ಬರೀ ಜಿಪುಣತನ ಎಂಬುದು ನನ್ನ ಹೆಂಡತಿ ಜಯಾಳ ವಾದ.

ಪಕ್ಕದ ಜಮೀನಿನ ಬಸಪ್ಪನವರನ್ನು ಮೊದಲು ಕೇಳಿದೆ. "ಮೋರಿಗೆ ಹಾಕೋಕೆ ಹಳೇದು ಏನಾದರೂ ಇದೆಯಾ?"

"ಊಂ ಪೈಪವೆ ಕಣ್ ಮೇಷ್ಟ್ರೇ. ಇತ್ಲಲ್ಲಿ ಬಿದ್ದವೆ, ತಕೊಂಡೋಗಿ."

'ಊಂ, ಪೈಪವೆ' ಎಂದು ನನಗೆ ಕೇಳಿಸಿತು. ತೋಟಕ್ಕೆ ನೀರು ಹಾಯಿಸುವ ಕಪ್ಪು ಪೈಪಿರಬೇಕು, ಪಾಪ, ಅವರಿಗೆ ನನ್ನ ಪ್ರಶ್ನೆ ಅರ್ಥವಾಗಿಲ್ಲ ಎಂದುಕೊಂಡೆ. 'ಇತ್ಲು' ಅಲ್ಲ 'ಹಿತ್ತಲು' ಎಂದು ಮನಸ್ಸಿನಲ್ಲೇ ತಿದ್ದಿ ಹೊರಟೆ.

ನಾಲ್ಕು ದಿನ ಗುಜರಿ ಅಂಗಡಿಗಳನ್ನು ಅಲೆದೆ. ಹುಣಸೂರಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ತಗಡು ಕೊಳವೆ ತೋರಿಸಿದರು. ಬೆರಳಿಂದ ಒತ್ತಿದರೆ ಬೆರಳೇ ಒಳಗೆ ಹೋಯಿತು. ಕೆ.ಆರ್. ನಗರದಲ್ಲಿ ಸಿಕ್ಕಿದ್ದು ನಜ್ಜುಗುಜ್ಜಾದ ಡಾಂಬರು ಡ್ರಮ್ಮು. ಕೊನೆಗೆ ಸರಗೂರಿನ ಗುಜರಿಯವನು ನನ್ನ ಕಥೆಯನ್ನೆಲ್ಲ ಕೇಳಿ, "ಮೇಲೆ ಟ್ಯಾಕ್ಟ್ರು ಓಗ್ಬೇಕಾ? ಅಂಗಾದ್ರೆ ನಿಮಗೆ ಊಂ ಪೈಪೇ ಬೇಕು ಕಣ್ರೀ" ಅಂದ.

"ಊಂ ಅಂದರೆ?"

"ಊಂ ಪೈಪು ಕಣ್ರೀ, ಸಿಮೆಂಟಿಂದು. ಒಳೀಕೆ ಕುರಿ ನುಗ್ಗಬೈದು, ಅಷ್ಟು ದಪ್ಪ."

ಹ್ಯೂಮ್ ಪೈಪು. ಬಸ್ಸಿನಲ್ಲಿ ಊರು ತಲುಪುವವರೆಗೂ ನಾಚಿಕೆಯಿಂದ ತಲೆ ಎತ್ತಲಿಲ್ಲ. ಬಸಪ್ಪನವರ ಹಿತ್ತಲಿನಲ್ಲಿ ಎರಡು ದೊಡ್ಡ ಸಿಮೆಂಟು ಪೈಪು ಬಿದ್ದಿದ್ದವು, ಒಂದರೊಳಗೆ ಕೋಳಿ ಕಾವಿಗೆ ಕೂತಿತ್ತು.

"ಅವತ್ತೇ ಯೋಳಿದ್ನಲ್ಲ ಮೇಷ್ಟ್ರೇ," ಅಂದರು ಬಸಪ್ಪನವರು, ಕೋಳಿಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಡುತ್ತ.

ಮಾರನೆಯ ದಿನ ಮೋರಿ ಆಯಿತು, ಟ್ರ್ಯಾಕ್ಟರ್ ಒಳಗೆ ಬಂತು. ರಾಶಿಯ ಅಡಿಯ ತೆನೆಗಳು ಆಗಲೇ ಹಸಿರು ಮೊಳಕೆ ಬಿಟ್ಟಿದ್ದವು. ಜಯಾ ಒಂದು ತೆನೆಯನ್ನು ನನ್ನ ಕೈಗಿಟ್ಟು, "ಮೂವತ್ತು ವರ್ಷ ಊರಿಗೆಲ್ಲ ಹಕಾರ ಹಂಚಿದಿರಿ. ಒಂದು ಹಕಾರ ಕಡಿಮೆಯಾದರೆ ಮಾತೇ ತಿಳಿಯೋದಿಲ್ಲವಲ್ಲ ನಿಮಗೆ?" ಅಂದಳು.

'ಹೌದು' ಎನ್ನೋಣವೆಂದು ಬಾಯಿ ತೆರೆದೆ. ಬಂದದ್ದು ಬರೀ "ಊಂ."