ಲಾರ್ಡ್ ಸಾಹೇಬರಿಗೆ ಸೇವಂತಿಗೆ ಹಾರ

ಇದು ನಡೆದ ಕತೆ. ಅನುಮಾನವಿದ್ದವರು ನೈರೋಬಿಯ ಸ್ಪ್ರಿಂಗ್ ವ್ಯಾಲಿಯಲ್ಲಿ ಯಾರನ್ನು ಬೇಕಾದರೂ ಕೇಳಬಹುದು, ಮಧುಕರನೊಬ್ಬನನ್ನು ಬಿಟ್ಟು.

ಔಷಧಿ ಕಾರ್ಖಾನೆಯ ಮ್ಯಾನೇಜರ್ ಮಧುಕರ ಬಾಡಿಗೆಗಿದ್ದ ಬಂಗಲೆ ನಿವೃತ್ತ ಬ್ರಿಟಿಷ್ ಸೇನಾಧಿಪತಿ ಜನರಲ್ ಲಾರ್ಡ್ ಹಾರ್ಟ್‌ವಿಕ್ ಅವರದು. ಸಾಹೇಬರಿದ್ದದ್ದು ಇಂಗ್ಲೆಂಡಿನಲ್ಲಿ, ಹಾಲ್‌ನಲ್ಲಿ ಅವರ ಆಳೆತ್ತರದ ಚಿತ್ರ. ಎದೆತುಂಬ ಪದಕ, ಪೊರಕೆಯಂಥ ಮೀಸೆ. ಬಾಡಿಗೆ ಕರಾರು ಆ ತಿಂಗಳೇ ಮುಗಿಯುತ್ತಿತ್ತು. ‘ಖುದ್ದಾಗಿ ಬಂದು ನೋಡಿ ಹೇಳುತ್ತೇನೆ’ ಎಂದಿದ್ದರು ಸಾಹೇಬರು. ಅಷ್ಟು ಅಗ್ಗಕ್ಕೆ ಅಂಥ ಮನೆ ಇನ್ನೆಲ್ಲೂ ಸಿಗದು. ಮಧುಕರನಿಗೆ ನಿದ್ದೆ ಹಾರಿಹೋಗಿತ್ತು.

ಆ ಶನಿವಾರ ಅವನ ಹೆಂಡತಿ ಶಾಂತಾ ತನ್ನ ಅಜ್ಜಿಯ ತಿಥಿಯೆಂದು ಫೋಟೋಗೆ ಹಾರ ಹಾಕಿದಳು. ಒಂದು ಹಾರ ಮಿಕ್ಕಿತು. ಕಾಫಿಗೆ ಬಂದಿದ್ದ ಪಕ್ಕದ ಮನೆಯ ಲಕ್ಷ್ಮೀಶ ಅದನ್ನೆತ್ತಿ ಲಾರ್ಡ್ ಸಾಹೇಬರಿಗೆ ಹಾಕಿ, ಹಣೆಗೆ ಗಂಧ ಹಚ್ಚಿದ.

“ನೋಡಿ ಅತ್ತಿಗೆ, ಈಗ ನಿಮ್ಮ ಮಾವನ ಥರಾನೇ ಕಾಣ್ತಾರೆ.”

ಶಾಂತಾ ನಕ್ಕು ಒಳಗೆ ಹೋದವಳು ಹಾರ ತೆಗೆಯಲು ಮರೆತಳು. ಅಷ್ಟರಲ್ಲಿ ಬಂದರು ಇತಿಹಾಸದ ನಿವೃತ್ತ ಮೇಷ್ಟ್ರು ಸೂರ್ಯನಾರಾಯಣ. ಹಾರ ಹಾಕಿದ ಚಿತ್ರ ಕಂಡ ಮೇಲೆ ನಮ್ಮವರು ಕೇಳುವುದೇನಿದೆ? ಬಾಗಿಲಲ್ಲೇ ಕೈಮುಗಿದು, ಸಾಹೇಬರು ತೀರಿಕೊಂಡರೆಂದು ಊರಿನ ಕನ್ನಡಿಗರಿಗೆಲ್ಲ ಫೋನ್ ಮಾಡಿದರು. ಬಂದವರು ಹಾರ ನೋಡಿ ನಂಬಿದರು; ಶಾಂತಾ ಬಂದವರನ್ನು ನೋಡಿ ನಂಬಿದಳು. ಲಕ್ಷ್ಮೀಶ ಮೂಲೆಯಲ್ಲಿ ತುಟಿ ಕಚ್ಚಿ ಕೂತ.

ಮಧ್ಯಾಹ್ನ ಮಧುಕರ ಮನೆಗೆ ಬಂದರೆ ಬಾಗಿಲ ತುಂಬ ಚಪ್ಪಲಿ.

“ಲಾರ್ಡ್ ಹೋಗ್ಬಿಟ್ರಂತೆ ಕಣ್ರೀ,” ಎಂದಳು ಶಾಂತಾ.

ಇನ್ನು ಮನೆ ನೋಡಲು ಯಾರು ಬರುತ್ತಾರೆ? ಮಧುಕರನ ಮನಸ್ಸು ಗಾಳಿಪಟವಾಯಿತು. ಮುಖವನ್ನು ಮಾತ್ರ ಹರಳೆಣ್ಣೆ ಕುಡಿದಂತೆ ಮಾಡಿಕೊಂಡು ಸಂತಾಪ ಹೇಳಲು ಎಲ್ಲರ ಮುಂದೆ ನಿಂತ. ಕನ್ನಡ ಬಾರದ ಮಕ್ಕಳಿದ್ದುದರಿಂದ ಭಾಷಣವೆಲ್ಲ ಇಂಗ್ಲಿಷಿನಲ್ಲೇ.

“ಅವರು ನನಗೆ ತಂದೆ ಇದ್ದ ಹಾಗೆ. ಅವರಿಲ್ಲದೆ ಈ ಮನೆಗೆ ಕಳೆಯೇ ಇಲ್ಲ.”

ಮುಂದೆ ಮೇಷ್ಟ್ರು: “ಅರಮನೆಯಲ್ಲಿ ಹುಟ್ಟಿದರು. ನಡೆಯುವ ಮೊದಲೇ ಕುದುರೆ ಹತ್ತಿದರು. ಬರ್ಮಾದ ಕಾಡಿನಲ್ಲಿ ಶತ್ರುಗಳನ್ನು ಅಟ್ಟಿಸಿಕೊಂಡು ಹೋದರು.”

“ಅಟ್ಟಿಸಿಕೊಂಡು ಬಂದವರು ಅವರು. ಓಡಿದ್ದು ನಾವು,” ಎಂಬ ದನಿ ಬಾಗಿಲ ಬಳಿಯಿಂದ ಬಂತು. ಯಾರೋ ಸಾಹೇಬರ ಗೆಳೆಯರಿರಬೇಕೆಂದು ಶಾಂತಾ ಕೂರಿಸಿ ಉಪ್ಪಿಟ್ಟು ಕೊಟ್ಟಿದ್ದ ಬಿಳಿಯ ಮುದುಕರು. ಬೋಳು ತಲೆ, ಬೋಳಿಸಿದ ಮೀಸೆ, ಕೈಯಲ್ಲಿ ಕೋಲು.

ಮೇಷ್ಟ್ರು ಕೆರಳಿದರು. “ಇತಿಹಾಸ ಪಾಠ ಮಾಡಿದವನು ನಾನು. ನಿಮಗೆ ಹೇಗೆ ಗೊತ್ತು?”

“ಎಲ್ಲರಿಗಿಂತ ಮುಂದೆ ಓಡುತ್ತಿದ್ದವನು ನಾನೇ.”

ಮುದುಕರು ಕೋಲೆತ್ತಿ ಚಿತ್ರವನ್ನು ತೋರಿಸಿದರು. ಅದೇ ಮೂಗು, ಅದೇ ಗಲ್ಲ. ಶಾಂತಾ ಲಕ್ಷ್ಮೀಶನ ತೋಳು ಚಿವುಟಿದಳು.

“ಹಾರ ಹಾಕಿದ್ದು ನಾನು, ಸರ್,” ಎಂದ ಅವನು ತೊದಲುತ್ತ. “ನಮ್ಮಲ್ಲಿ ಸತ್ತವರ ಫೋಟೋಗೆ ಹಾಕ್ತೀವಿ. ತಮಾಷೆಗೆ...”

ಸಾಹೇಬರು ಎದ್ದು ಮಧುಕರನ ಹೆಗಲ ಮೇಲೆ ಕೈಯಿಟ್ಟರು. “ನಾನು ಬಂದದ್ದು ನಿನ್ನ ಕರಾರನ್ನು ಐದು ವರ್ಷ ಮುಂದುವರಿಸೋಣ ಅಂತ. ಆದರೆ ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಇಂಗ್ಲೆಂಡಿನಲ್ಲಿ ಒಬ್ಬನೂ ಆಡಿಲ್ಲ. ನಾನಿಲ್ಲದೆ ಮನೆಗೆ ಕಳೆಯಿಲ್ಲ ಅಂದೆಯಲ್ಲ, ಇನ್ನು ಇಲ್ಲೇ ಇರುತ್ತೇನೆ. ತಿಂಗಳ ಕೊನೆಗೆ ಮನೆ ಖಾಲಿ ಮಾಡು. ಶನಿವಾರ ಶನಿವಾರ ಮಾತ್ರ ತಪ್ಪದೆ ಬಂದು ಈ ಭಾಷಣ ಮಾಡಿಹೋಗು.”

ಹಾಗೆಂದು ಚಿತ್ರದ ಹಾರ ತೆಗೆದು ತಮ್ಮ ಕೊರಳಿಗೆ ಹಾಕಿಕೊಂಡರು. ಮೊದಲು ಲಕ್ಷ್ಮೀಶ ನಕ್ಕ, ಆಮೇಲೆ ಮೇಷ್ಟ್ರು, ಬೇರೆ ದಾರಿಯಿಲ್ಲದೆ ಮಧುಕರ. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾತ್ರ ದಿವಂಗತರೇ.