ಉದ್ದವಾದರೆ ಪಾಯಸ

ಏನು ಕೆಲಸ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಕೊಡಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಗೌರಿಬಿದನೂರಿನ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞ. ಇಷ್ಟು ಹೇಳಿದರೆ ಬಂಧುಗಳು ತಮ್ಮೂರ ಬೋರ್‌ವೆಲ್ ನೀರು ಕುಡಿಯಬಹುದೇ ಎಂದು ಕೇಳುತ್ತಾರೆ. ಜಂಗಮಕೋಟೆಯಲ್ಲಿ ರೇಷ್ಮೆ ಹುಳು ಸಾಕುವ ನಮ್ಮ ಮಾವನವರು ಮಾತ್ರ, ಮದುವೆಯಾದ ಹೊಸದರಲ್ಲಿ, ಬಿಡದೆ ವಿವರ ಕೇಳಿದರು. ನಾನೂ ಉಮೇದಿನಿಂದ ಹೇಳಿದೆ: ಗ್ಯಾಸಿನ ಅಣುಗಳನ್ನು ಒಂದಕ್ಕೊಂದು ಪೋಣಿಸಿ ಸರಪಳಿ ಮಾಡುತ್ತೇವೆ; ಪೋಣಿಸುವುದು ನಿಕ್ಕಲ್ ಲೋಹ; ಅದರ ಸುತ್ತ ನಾವು ಕಟ್ಟುವ ಬೇರೆ ಅಣುಗಳು ಸರಪಳಿ ಎಲ್ಲಿ ನಿಲ್ಲಬೇಕೆಂದು ನೋಡಿಕೊಳ್ಳುತ್ತವೆ. ನಾಲ್ಕೈದು ಕೊಂಡಿಗೆ ನಿಂತರೆ ಸೋಪಿಗೂ ಇಂಜಿನ್ ಆಯಿಲ್‌ಗೂ ಬೇಕಾದ ದ್ರವ, ನಿಲ್ಲದೆ ಬೆಳೆದರೆ ಪ್ಲಾಸ್ಟಿಕ್.

ಮಾವನವರ ಮುಖ ಬಾಡಿತು. "ಅಲ್ಲ ಅಳಿಯಂದ್ರೇ, ಗೂಡಿನ ಎಳೆ ಕಡೀದೇ ಇರ್ಲಿ ಅಂತ ನಾವು ದೇವ್ರಿಗೆ ಕೈ ಮುಗೀತೀವಿ. ಗಿಡ್ಡಕ್ಕೇ ನಿಲ್ಲಿಸೋಕೆ ನೀವು ಇಷ್ಟೆಲ್ಲಾ ಓದಿದ್ರಾ?"

ಕಳೆದ ವರ್ಷ ಹೊಸ ನಿಕ್ಕಲ್ ಸಂಯುಕ್ತವೊಂದನ್ನು ದೊಡ್ಡ ಪಾತ್ರೆಯಲ್ಲಿ ಪರೀಕ್ಷಿಸಿದೆವು. ಇದು ಕೈಗೂಡದಿದ್ದರೆ ನಮ್ಮ ವಿಭಾಗವನ್ನೇ ಮುಚ್ಚುವುದಾಗಿ ಮೇಲಿನವರು ಹೇಳಿದ್ದರು. ಮುಚ್ಚಳ ತೆಗೆದರೆ ದ್ರವವಿಲ್ಲ. ಬಿಳಿ ಪ್ಲಾಸ್ಟಿಕ್ ಗಟ್ಟಿಯಾಗಿ ಕೂತು, ಕಲಕುವ ದಂಡವೇ ಅದರಲ್ಲಿ ಹೂತುಹೋಗಿತ್ತು. ಒಂದು ಚೂರು ಕೆತ್ತಿಕೊಂಡು ಮನೆಗೆ ಬಂದರೆ ಮಾವನವರು ಕೂತಿದ್ದಾರೆ.

"ಹಾಳಾಯ್ತು ಮಾವ. ಸರಪಳಿ ನಿಲ್ಲಲೇ ಇಲ್ಲ, ಉದ್ದಕ್ಕೆ ಬೆಳೆದುಬಿಡ್ತು."

ಅವರು ಚೂರನ್ನು ಬೆಳಕಿಗೆ ಹಿಡಿದರು. "ಉದ್ದ ಬಂತಾ? ಶಶೀ, ಪಾಯಸ ಮಾಡಮ್ಮಾ! ಅಳಿಯಂದ್ರ ಕೈ ಕುದುರ್ತು!"

ನನ್ನ ಹೆಂಡತಿ ಶಶಿ ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಪಾಯಸಕ್ಕಿಟ್ಟಳು. ಕೆಲಸ ಹೋಗುವ ಭಯದಲ್ಲೂ ನಾನು ಎರಡನೆಯ ಸಲ ಬಡಿಸಿಕೊಂಡೆ.

ಆಮೇಲೆ ಹುಡುಕಿದಾಗ, ನಮ್ಮ ಸಂಯುಕ್ತದೊಳಗೆ ಸರಪಳಿಯನ್ನು ನಿಲ್ಲಲು ಬಿಡದ ಇನ್ನೊಂದು ನಿಕ್ಕಲ್ ಸಂಯುಕ್ತ ಬೆರೆತಿದ್ದು ಗೊತ್ತಾಯಿತು. ಶುದ್ಧ ಮಾಡಿ ಮತ್ತೆ ನಡೆಸಿದೆವು. ತಿಳಿನೀರಿನಂಥ ದ್ರವ ಬಂತು, ವಿಭಾಗ ಉಳಿಯಿತು. ಖುಷಿ ತಡೆಯಲಾರದೆ ಮಾವನವರಿಗೆ ಫೋನ್ ಮಾಡಿದೆ. "ಮಾವ, ಈ ಸಲ ಗಿಡ್ಡಕ್ಕೇ ನಿಂತ್ವು!"

ಮಾವನವರು ದನಿ ಮೆತ್ತಗೆ ಮಾಡಿಕೊಂಡರು. "ಹೋಗ್ಲಿ ಬಿಡಿ, ಮನಸ್ಸಿಗೆ ಹಚ್ಕೋಬೇಡಿ. ನಮ್ಗೂ ಒಂದೊಂದು ಬೆಳೆ ಕೈ ಕೊಡುತ್ತೆ. ನಾಳೆ ಬರ್ತೀನಿ, ಧೈರ್ಯವಾಗಿರಿ."

ಮರುದಿನ ಬಂದೇಬಿಟ್ಟರು. ಪಕ್ಕದಲ್ಲಿ ಕೂತು ಬೆನ್ನು ಸವರಿದರು. ಗೆದ್ದಿದ್ದೇನೆಂದು ಹೇಳಲು ಬಾಯಿ ತೆರೆದೆ. ಆದರೆ ನಿಜವಾಗಿ ಸೋತಾಗ ಕಾರ್ಖಾನೆಯಲ್ಲಿ ಒಬ್ಬರೂ ನನ್ನ ಬೆನ್ನು ಸವರಿರಲಿಲ್ಲ. ಮುಖವನ್ನು ಸಪ್ಪಗೆ ಮಾಡಿಕೊಂಡು ಕೂತೆ.