ಕುಕ್ಕರು ತರಲು ಹೋಗಿ ತಂದ ಹಾವು

ಹಾವು ಸಾಕಿದವನ ಮನೆಯಲ್ಲಿ ದಿನಾ ಏನಾದರೊಂದು ತಮಾಷೆ ನಡೆಯುತ್ತದೆ ಎಂದು ಜನ ಅಂದುಕೊಂಡಿದ್ದಾರೆ. ಅಲ್ಲಿ ಏನೂ ನಡೆಯುವುದಿಲ್ಲ. ಹಾವು ಸುಮ್ಮನಿರುತ್ತದೆ, ಸಾಕಿದವನೂ ಸುಮ್ಮನಿರುತ್ತಾನೆ. ನಡೆಯುವುದೆಲ್ಲ ಮೂರನೆಯವರು ಬಂದಾಗ. ನಮ್ಮಲ್ಲಿಗೆ ಮೂರನೆಯವರು ಬರುತ್ತಿದ್ದದ್ದು ಅಪರೂಪವಾದ್ದರಿಂದ ನನಗೆ ಎಲ್ಲವೂ ಚೆನ್ನಾಗಿ ನೆನಪಿದೆ.

ಮೂವಿಂಗ್ ಸೇಲ್

ಡಾಟ್‌ಕಾಂ ಕಂಪನಿಗಳು ಮುಚ್ಚುತ್ತಿದ್ದ ಕಾಲ. ಶಿಕಾಗೊ ಹತ್ತಿರದ ಶಾಮ್‌ಬರ್ಗಿನಲ್ಲಿದ್ದ ಕನ್ನಡಿಗನೊಬ್ಬ ಪ್ರಾಜೆಕ್ಟು ಮುಗಿದು ಊರಿಗೆ ಹೊರಟಿದ್ದ. ಸೋಫಾ, ಟಿವಿ, ರೈಸ್ ಕುಕ್ಕರ್ ಮಾರಾಟಕ್ಕಿವೆ ಎಂದು ಕನ್ನಡಿಗರ ಇಮೇಲ್ ಗುಂಪಿಗೆ ಬರೆದ. ನಾನಿದ್ದದ್ದು ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ. ಕುಕ್ಕರು ನಮ್ಮ ಮನೆಯೆದುರಿನ ಅಂಗಡಿಯಲ್ಲೂ ಸಿಗುತ್ತಿತ್ತು. ಆದರೆ ಆ ಅಂಗಡಿಯವನು ಕನ್ನಡ ಮಾತಾಡುತ್ತಿರಲಿಲ್ಲ. ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದೆ.

ಕಾಫಿ ಕೊಟ್ಟು, ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳಿದ. ನಾನೊಬ್ಬನೇ ಎಂದೆ. ಅವನ ಮುಖ ಅರಳಿತು. ಒಳಕೋಣೆಗೆ ಕರೆದುಕೊಂಡು ಹೋಗಿ ಗಾಜಿನ ಟ್ಯಾಂಕು ತೋರಿಸಿದ. ಆಫ್ರಿಕಾದ ಹಾವು, ಬಾಲ್ ಪೈಥಾನ್, ವಿಷವಿಲ್ಲ. ಜನ ಕಂಡರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗಿಟ್ಟುಕೊಳ್ಳುತ್ತದೆ ಎಂದ. ನಾನೂ ಪಾರ್ಟಿಗಳಲ್ಲಿ ಹೆಚ್ಚುಕಡಿಮೆ ಅದನ್ನೇ ಮಾಡುತ್ತಿದ್ದೆ.

"ಆಫೀಸಿಂದ ಬಂದ್ರೆ ಮನೇಲಿ ಒಂದು ಜೀವ ಇದೆ ಅನ್ಸುತ್ತೆ ಸಾರ್. ಅಷ್ಟೇ," ಎಂದ.

ಅದನ್ನು ಊರಿಗೆ ಒಯ್ಯುವಂತಿರಲಿಲ್ಲ, ನಾನು ಒಪ್ಪಿದೆ. ಟ್ಯಾಂಕನ್ನು ಡಿಕ್ಕಿಗೆ ಹಾಕಿ, ಹಾವನ್ನು ದಿಂಬಿನ ಕವರಿನಲ್ಲಿಟ್ಟು ಗಂಟು ಹಾಕಿ, ಕಾರಿನ ತನಕ ತಾನೇ ಎತ್ತಿಕೊಂಡು ಬಂದ. ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಕಿಟಕಿಯಲ್ಲಿ ಬಗ್ಗಿ ಬಗ್ಗಿ ನೋಡಿದ. ನಾನೂ ಕೈ ಬೀಸಿ ಹೊರಟೆ. ಅರ್ಧ ದಾರಿ ಬಂದ ಮೇಲೆ ಗೊತ್ತಾಯಿತು, ಕುಕ್ಕರನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಮನೆಗೆ ಬಂದ ನೆಂಟರು

ಅಲ್ಲಿಯವರೆಗೂ ಯಾರೂ ನನ್ನ ಮನೆಗೆ ಬರುತ್ತಿರಲಿಲ್ಲ. ಹಾವು ಬಂದ ಮೇಲೆ ಅದಕ್ಕೊಂದು ಕಾರಣ ಸಿಕ್ಕಿತು.

ಒಂದು ಚಳಿಗಾಲದಲ್ಲಿ ಪರಿಚಯದ ಕುಟುಂಬವೊಂದನ್ನು ಒತ್ತಾಯ ಮಾಡಿ ಊಟಕ್ಕೆ ಕರೆದೆ. ಬಂದರು, ಪಾರ್ಕಿಂಗ್ ಲಾಟಿನ ತನಕ. ಹಾವಿದೆ ಎಂದು ಒಳಗೆ ಬರಲು ಅವರ ಮನೆಯಾಕೆಗೆ ಧೈರ್ಯ ಸಾಲಲಿಲ್ಲ, ವಾಪಸು ಹೋಗಲು ದಾಕ್ಷಿಣ್ಯ. ಕೊನೆಗೆ ನಾನೇ ಬಿಸಿಬೇಳೆಬಾತಿನ ಪಾತ್ರೆ, ತಟ್ಟೆ, ಚಿಪ್ಸು ಎಲ್ಲ ಹೊತ್ತು ತಂದೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್. ಅವರ ವ್ಯಾನಿನಲ್ಲಿ ಹೀಟರ್ ಹಾಕಿಕೊಂಡು ಎಲ್ಲರೂ ಊಟ ಮಾಡಿದೆವು. ಹೊರಡುವಾಗ ಆಕೆ ತುಂಬು ಮನಸ್ಸಿನಿಂದ, ನಿಮ್ಮ ಮನೆ ತುಂಬಾ ಚೆನ್ನಾಗಿದೆ ಎಂದರು.

ಬೇಸ್‌ಮೆಂಟು

ಲಿವೋನಿಯಾ ಹತ್ತಿರದ ಸೌತ್‌ಫೀಲ್ಡಿನಲ್ಲಿ ಮೈಸೂರಿನ ಕಡೆಯ ಒಬ್ಬ ಆಂಟಿ, ಅಂಕಲ್ ಇದ್ದರು. ಅವರ ಬೇಸ್‌ಮೆಂಟಿನಲ್ಲಿ, ವಾಷಿಂಗ್ ಮಷೀನಿನ ಹಿಂದೆ ಒಂದು ಹಾವು ಕಾಣಿಸಿಕೊಂಡಿತು. ಯಾರೋ ನನ್ನ ನಂಬರು ಕೊಟ್ಟರು. ದಿಂಬಿನ ಕವರು ಹಿಡಿದು ಹೋದೆ. ಆಂಟಿ ಮೆಟ್ಟಿಲ ಮೇಲೆ ದೀಪ ಹಚ್ಚಿಟ್ಟಿದ್ದರು.

"ಹೊಡೀಬೇಡಪ್ಪ, ಎಳೀಬೇಡ. ಸಮಾಧಾನವಾಗಿ ಹೇಳು, ಅದೇ ಹೋಗುತ್ತೆ," ಎಂದರು.

ಇಣುಕಿ ನೋಡಿದೆ. ಹುಲ್ಲಿನಲ್ಲಿ ಓಡಾಡುವ ಸಾಧುಪ್ರಾಣಿ. ಹೆದರಬೇಡಿ ಆಂಟಿ, ಇದು ಮಿಶಿಗನ್ನಿನಲ್ಲೇ ಹುಟ್ಟಿ ಬೆಳೆದದ್ದು ಎಂದೆ.

ಮೇಲಿನ ಮೆಟ್ಟಿಲಿನಿಂದ ಅಂಕಲ್ ಹೇಳಿದರು: "ಹಾಗಾದ್ರೆ ನಮ್ಮ ಮಕ್ಕಳ ಹಾಗೇ. ಕನ್ನಡದಲ್ಲಿ ಹೇಳಿದ್ರೆ ಇಂಗ್ಲಿಷಲ್ಲಿ ಉತ್ತರ ಕೊಡುತ್ತೆ. ಹೋಗೋದಂತೂ ಇಲ್ಲ."

ಪಂಚಮಿ

ಆ ಹಾವನ್ನು ಹಿಡಿದು ಹುಲ್ಲಿಗೆ ಬಿಟ್ಟುಬಂದ ವರ್ಷದ ಶ್ರಾವಣದಲ್ಲಿ ಆಂಟಿ ಫೋನ್ ಮಾಡಿದರು. ಅಮೆರಿಕಕ್ಕೆ ಬಂದಾಗಿನಿಂದ ಬೆಳ್ಳಿ ಹಾವಿಗೇ ಪೂಜೆ ಮಾಡುತ್ತಿದ್ದಾರಂತೆ. ನಿನ್ನ ಮನೆಯಲ್ಲಿ ನಿಜವಾದದ್ದೇ ಇರುವಾಗ ನಾವೆಲ್ಲ ಬರಬಹುದಾ ಎಂದು ಕೇಳಿದರು. ನಾಗರ ಪಂಚಮಿ ಮಂಗಳವಾರವೇ ಮುಗಿದಿತ್ತು. ಆದರೆ ಅಮೆರಿಕದಲ್ಲಿ ಎಲ್ಲ ಹಬ್ಬವೂ ಶನಿವಾರ.

ನನ್ನ ಮನೆಗೆ ಜನ ಬರುತ್ತಾರೆ ಎಂದು ಕಾರ್ಪೆಟ್ಟಿಗೆ ವ್ಯಾಕ್ಯೂಮ್ ಹಾಕಿದೆ, ಮಡಿಸುವ ಕುರ್ಚಿಗಳನ್ನು ಕೊಂಡೆ, ದೊಡ್ಡ ಪಾತ್ರೆ ತುಂಬ ದೋಸೆಹಿಟ್ಟು ರುಬ್ಬಿದೆ. ನಾಲ್ಕೈದು ಕುಟುಂಬಗಳು ಬಂದವು. ಹಾವು ಹಾಲು ಕುಡಿಯುವುದಿಲ್ಲ ಎಂದು ನಾನು ಹೇಳಿದಾಗ ಹಾಲಿನ ಬಟ್ಟಲನ್ನು ಟ್ಯಾಂಕಿನ ಮುಂದಿಟ್ಟು ನೈವೇದ್ಯ ತೋರಿಸಿದರು. ಹಾವು ತಲೆಯನ್ನು ಒಳಗಿಟ್ಟುಕೊಂಡಿತು. ನಾನು ಸಂಭ್ರಮದಿಂದ ದೋಸೆ ಹೆಂಚನ್ನು ಒಲೆಯ ಮೇಲಿಟ್ಟೆ. ಆಂಟಿ ಓಡಿ ಬಂದು ಒಲೆ ಆರಿಸಿದರು.

"ಪಂಚಮಿ ದಿನ ಹೆಂಚಿಡ್ತಾರೇನಪ್ಪ?"

ಪಂಚಮಿ ಮಂಗಳವಾರವೇ ಆಯಿತಲ್ಲ ಎಂದೆ. ಹಬ್ಬ ಮುಂದಕ್ಕೆ ಹೋದರೆ ಮಡಿಯೂ ಮುಂದಕ್ಕೆ ಹೋಗುತ್ತದಂತೆ. ಅವರೇ ತಂದಿದ್ದ ಕಡುಬು ತಿಂದೆವು. ಅಷ್ಟರಲ್ಲಿ ಯಾರೋ ಐಸ್‌ಕ್ರೀಂ ಇಡಲು ಫ್ರೀಜರ್ ತೆಗೆದರು. ಅಲ್ಲಿ ಹಾವಿನ ಊಟವಿತ್ತು: ಪ್ಲಾಸ್ಟಿಕ್ ಚೀಲದಲ್ಲಿ ಹೆಪ್ಪುಗಟ್ಟಿದ ಇಲಿಗಳು.

ಅಂಕಲ್ ಬಗ್ಗಿ ನೋಡಿ ಹೇಳಿದರು: "ಇವತ್ತು ಇವರ ಪೂಜೆ. ಮುಂದಿನ ತಿಂಗಳು ಚೌತಿ, ಗಣಪತಿ ಪೂಜೆ. ನಡುವೆ ಇವರು ಅವರ ವಾಹನಾನೇ ತಿಂದ್ರೆ ಪಾಪ ಯಾರಿಗೆ?"

ಚರ್ಚೆಯಾಗಿ, ಚೌತಿಯ ತನಕ ಹಾವಿಗೆ ಇಲಿ ಕೊಡಬಾರದು ಎಂದು ತೀರ್ಮಾನವಾಯಿತು. ನಾನು ಒಪ್ಪಿದೆ. ಈ ಜಾತಿಯ ಹಾವು ಮನಸ್ಸು ಬಂದಾಗ ತಿಂಗಳುಗಟ್ಟಲೆ ಉಪವಾಸ ಇರುತ್ತದೆ. ಅದು ತಿನ್ನುವುದನ್ನು ಬಿಟ್ಟು ಆಗಲೇ ಒಂದು ತಿಂಗಳಾಗಿತ್ತು. ಇದನ್ನು ಹೇಳಿದಾಗ ಆಂಟಿ ಅದಕ್ಕೆ ಇನ್ನೊಮ್ಮೆ ಕೈಮುಗಿದರು. ಎಲ್ಲರೂ ಹೋದ ಮೇಲೆ ಕುರ್ಚಿಗಳನ್ನು ಮಡಿಸಿದೆ. ಐಸ್‌ಕ್ರೀಮನ್ನು ಪೂರ್ತಿ ನನಗೇ ಬಿಟ್ಟು ಹೋಗಿದ್ದರು.

ಚೌತಿ

ಮರುದಿನದಿಂದ ಆಂಟಿ ಪ್ರತಿದಿನ ಸಂಜೆ ಫೋನ್ ಮಾಡತೊಡಗಿದರು. ಹಾವು ಏನಾದರೂ ತಿಂತಾ? ನಾನು ವರದಿ ಒಪ್ಪಿಸುತ್ತಿದ್ದೆ: ಇಲ್ಲ ಆಂಟಿ, ನೀರು ಕುಡೀತಾ ಇದೆ, ಒಂದು ಮೂಲೇಲಿ ಸುತ್ಕೊಂಡಿದೆ, ಆರೋಗ್ಯವಾಗಿದೆ. ಸರಿಯಪ್ಪ ಎಂದು ಇಡುತ್ತಿದ್ದರು. ನಿಮಿಷವೂ ಆಗುತ್ತಿರಲಿಲ್ಲ. ಆದರೆ ಅಮೆರಿಕದಲ್ಲಿ ನನಗೆ ದಿನಾ ಫೋನ್ ಮಾಡಿದವರು ಬೇರೆ ಯಾರೂ ಇಲ್ಲ. ಸಂಜೆಯಾಗುತ್ತಲೇ ಫೋನಿನ ಪಕ್ಕ ಕೂರುತ್ತಿದ್ದೆ. ಚೌತಿ ಹತ್ತಿರ ಬಂದಂತೆ ಸಂಕಟವಾಗತೊಡಗಿತು. ವ್ರತ ಮುಗಿದರೆ ಫೋನೂ ಮುಗಿಯಿತಲ್ಲ.

ಚೌತಿಯ ಸಂಜೆ ಫೋನ್ ಬಂತು. ಆಂಟಿ ಹೇಳಿದರು: "ಹಬ್ಬ ಆಯ್ತಪ್ಪ. ಇನ್ನು ಹಾವು ಏನಾದ್ರೂ ತಿನ್ಲಿ, ಅದರಿಷ್ಟ. ನಿಂದು ಊಟ ಆಯ್ತಾ?"

ಬಾಯಿಗೆ ರೂಢಿಯಾದದ್ದೇ ಬಂತು.

"ಇಲ್ಲ ಆಂಟಿ, ಎರಡು ತಿಂಗಳಾಯ್ತು. ನೀರು ಕುಡೀತಾ ಇದೀನಿ. ಒಂದು ಮೂಲೇಲಿ ಸುತ್ಕೊಂಡಿದೀನಿ. ಆರೋಗ್ಯವಾಗಿದೀನಿ."

ಆಂಟಿ ಫೋನ್ ಇಟ್ಟರು. ಅರ್ಧ ಗಂಟೆಯಲ್ಲಿ ಇಬ್ಬರೂ ಬಾಗಿಲಲ್ಲಿದ್ದರು. ಆಂಟಿ ಟ್ಯಾಂಕಿನ ಕಡೆ ತಿರುಗಿಯೂ ನೋಡದೆ ನೇರ ಅಡುಗೆಮನೆಗೆ ಹೋಗಿ, ತಟ್ಟೆ ಹುಡುಕಿ, ಕಡುಬು, ಕೋಸಂಬರಿ, ಪಾಯಸ ಬಡಿಸಿ, ಕೂತ್ಕೋ ಎಂದರು. ಕೂತೆ. ತಿಂದೆ. ಅಂಕಲ್ ನನ್ನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು, ಹಿಂದೆ ಮುಂದೆ ಎಲ್ಲ ಪರೀಕ್ಷಿಸಿ, ಹೆಂಡತಿಗೆ ಧೈರ್ಯ ಹೇಳಿದರು:

"ಗಾಬರಿ ಆಗ್ಬೇಡ ಕಣೆ, ತೂಕ ಏನೂ ಇಳಿದಿಲ್ಲ."